ಕ್ರೂಸ್ ಹಡಗಿನ ಮಸ್ಟರ್ ಡ್ರಿಲ್: ಬೆಂಗಳೂರಿನಿಂದ ಹೊರಡುವ ಕುಟುಂಬಕ್ಕೊಂದು ಕೈಪಿಡಿ

ಚೆಕ್-ಇನ್ ಕೌಂಟರ್‌ನಲ್ಲಿ ಕೊಡುವ ಕೀ ಕಾರ್ಡಿನ ಮೇಲೆ ನಿಮ್ಮ ಹೆಸರಿನ ಜೊತೆ ಒಂದು ಅಕ್ಷರ, ಒಂದು ಅಂಕಿ ಅಚ್ಚಾಗಿರುತ್ತದೆ: ಬಿ6, ಇ12, ಹೀಗೆ. ಅದು ನಿಮ್ಮ ಮಸ್ಟರ್ ಸ್ಟೇಷನ್. ಹಡಗಿನಲ್ಲಿ ಅಪಾಯದ ಅಲಾರಂ ಹೊಡೆದರೆ ನೀವು ಹೋಗಿ ಸೇರಬೇಕಾದ ಜಾಗ. ಕೆಲವರಿಗೆ ಅದು ಥಿಯೇಟರ್ ಆಗಿರುತ್ತದೆ, ಕೆಲವರಿಗೆ ಊಟದ ಹಾಲ್, ಇನ್ನು ಕೆಲವರಿಗೆ ಲೈಫ್‌ಬೋಟ್‌ಗಳ ಕೆಳಗಿನ ತೆರೆದ ಡೆಕ್. ಹಡಗು ಹೊರಡುವ ಮೊದಲು ಅಲ್ಲಿಗೆ ಒಮ್ಮೆ ಹೋಗಿ ಹಾಜರಿ ಕೊಟ್ಟು ಬರುವುದೇ ಮಸ್ಟರ್ ಡ್ರಿಲ್.

ಬಹಳ ಜನ ಇದನ್ನು ಲೈಫ್ ಜಾಕೆಟ್ ತೊಡುವ ಪಾಠ ಎಂದುಕೊಂಡಿದ್ದಾರೆ. ಜಾಕೆಟ್ ತೊಡಿಸಲು ಸ್ಟೇಷನ್‌ನಲ್ಲಿ ಸಿಬ್ಬಂದಿ ಇದ್ದೇ ಇರುತ್ತಾರೆ. ಆದರೆ ನಡುರಾತ್ರಿ ನಿಮ್ಮ ಕ್ಯಾಬಿನ್ ಬಾಗಿಲಿಗೆ ಬಂದು ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋಗುವವರು ಇರುವುದಿಲ್ಲ. ಡ್ರಿಲ್‌ನಿಂದ ನಿಮಗೆ ದಕ್ಕಬೇಕಾದದ್ದು ಆ ದಾರಿ. ಉಳಿದದ್ದೆಲ್ಲ ಆಮೇಲೆ.

ಹೊರಡುವ ಮೊದಲೇ ಯಾಕೆ?

2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಪಕ್ಕದಲ್ಲಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ಬಡಿಯಿತು. ಹಡಗಿನಲ್ಲಿದ್ದವರು 4,200ಕ್ಕೂ ಹೆಚ್ಚು ಮಂದಿ. 32 ಜನ ಸತ್ತರು. ಆಗಿನ ನಿಯಮದ ಪ್ರಕಾರ ಪ್ರಯಾಣಿಕರು ಹತ್ತಿದ 24 ಗಂಟೆಯೊಳಗೆ ಡ್ರಿಲ್ ಮಾಡಿಸಿದರೆ ಸಾಕಿತ್ತು. ಅಂದು ಸಂಜೆಯಷ್ಟೇ ಚಿವಿತಾವೆಕ್ಕಿಯಾ ಬಂದರಿನಲ್ಲಿ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ಲೇ ಆಗಿರಲಿಲ್ಲ. ಬಂಡೆ ತಗಲಿದ್ದು ರಾತ್ರಿ ಒಂಬತ್ತೂಮುಕ್ಕಾಲಕ್ಕೆ, ಹಡಗು ಬಿಡುವ ಆದೇಶ ಬಂದದ್ದು ಗಂಟೆ ದಾಟಿದ ಮೇಲೆ. ಅಷ್ಟರಲ್ಲಿ ಹಡಗು ವಾಲಿ, ಕೆಲವು ಬೋಟ್‌ಗಳನ್ನು ನೀರಿಗಿಳಿಸಲು ಆಗಲೇ ಇಲ್ಲ.

ಸಮುದ್ರಯಾನದ ಸುರಕ್ಷತೆಗೆ ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. ಟೈಟಾನಿಕ್ ಮುಳುಗಿದ ಎರಡು ವರ್ಷಕ್ಕೆ, 1914ರಲ್ಲಿ, ಅದರ ಮೊದಲ ರೂಪ ಬಂತು. ಕಾಂಕೋರ್ಡಿಯಾ ದುರಂತದ ನಂತರ ಅದಕ್ಕೆ ತಿದ್ದುಪಡಿಯಾಗಿ, 2015ರ ಜನವರಿ 1ರಿಂದ ಹೊಸದಾಗಿ ಹತ್ತಿದ ಪ್ರಯಾಣಿಕರಿಗೆ ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ಡ್ರಿಲ್ ಆಗಲೇಬೇಕು. 24 ಗಂಟೆಗಿಂತ ಹೆಚ್ಚು ಹೊತ್ತು ಹಡಗಿನಲ್ಲಿ ಇರುವವರಿಗೆ ಈ ನಿಯಮ. ಒಂದೇ ರಾತ್ರಿಯ ಪಯಣಕ್ಕೆ ಸುರಕ್ಷತೆಯ ವಿವರಣೆ ಕೊಟ್ಟರೂ ನಡೆಯುತ್ತದೆ. ತಪ್ಪಿಸಿಕೊಳ್ಳಲು ನೋಡಿದರೆ ಮೊದಲು ಮೈಕಿನಲ್ಲಿ ಕ್ಯಾಬಿನ್ ನಂಬರ್ ಕೂಗುತ್ತಾರೆ. ಹಟ ಹಿಡಿದವರನ್ನು ಬಂದರಿನಲ್ಲೇ ಇಳಿಸುವ ಅಧಿಕಾರ ಕ್ಯಾಪ್ಟನ್‌ಗೆ ಇದೆ.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ನಮ್ಮೂರಿನವರು ಚೆನ್ನೈಗೆ ರೈಲಿನಲ್ಲಿ, ಮುಂಬೈ, ಕೊಚ್ಚಿ ಅಥವಾ ಸಿಂಗಪುರಕ್ಕೆ ವಿಮಾನದಲ್ಲಿ ಹೋಗಿ ಹಡಗು ಹತ್ತಬೇಕು. ಬೆಳಗಿನ ಜಾವ ಎರಡೂವರೆಗೆ ಎದ್ದು ದೇವನಹಳ್ಳಿಯ ದಾರಿ ಹಿಡಿದವರು ಹಡಗು ಹತ್ತುವ ಹೊತ್ತಿಗೆ ಸುಸ್ತಾಗಿ, ಹಸಿದು, ಬಫೆ ಎಲ್ಲಿದೆ ಎಂದು ಹುಡುಕುತ್ತಿರುತ್ತಾರೆ. ಆ ಹೊತ್ತಿನಲ್ಲಿ ಹೊಸದಾಗಿ ಏನನ್ನೂ ಕಲಿಯಲಾಗದು. ಆದ್ದರಿಂದ ಕೆಲವನ್ನು ಇಲ್ಲೇ ಮುಗಿಸಿ.

ಮೊದಲನೆಯದು ಬುಕಿಂಗ್. ಅಜ್ಜ-ಅಜ್ಜಿ, ಅಣ್ಣನ ಸಂಸಾರ, ನಿಮ್ಮ ಸಂಸಾರ ಎಂದು ಮೂರು ಕ್ಯಾಬಿನ್ ತೆಗೆದುಕೊಂಡರೆ ಮೂರೂ ಒಂದೇ ಮಸ್ಟರ್ ಸ್ಟೇಷನ್‌ಗೆ ಸೇರುತ್ತವೆ ಎಂದೇನಿಲ್ಲ. ಸ್ಟೇಷನ್ ನಿಗದಿಯಾಗುವುದು ಸಾಮಾನ್ಯವಾಗಿ ಕ್ಯಾಬಿನ್ ಎಲ್ಲಿದೆ ಎಂಬುದರ ಮೇಲೆ, ಸಂಬಂಧದ ಮೇಲೆ ಅಲ್ಲ. ಕ್ಯಾಬಿನ್ ನಂಬರ್ ಕಂಪನಿಯೇ ಆಮೇಲೆ ಹಂಚುವ ಅಗ್ಗದ ದರದ ಟಿಕೆಟ್‌ನಲ್ಲಿ ಮನೆಯವರು ಹಡಗಿನ ಮೂರು ಮೂಲೆಗೆ ಹೋಗಿಬಿಡಬಹುದು. ಏಜೆಂಟರಿಗೆ ಒಂದೇ ಡೆಕ್‌ನಲ್ಲಿ ಅಕ್ಕಪಕ್ಕದ ನಂಬರ್ ಕೇಳಿ, ಸ್ಟೇಷನ್ ಒಂದೇ ಆಗುತ್ತದೆಯೇ ಎಂದು ಕಂಪನಿಯಿಂದ ಖಚಿತಪಡಿಸಿಕೊಳ್ಳಲು ಹೇಳಿ. ವೀಲ್‌ಚೇರ್ ಬೇಕಾದವರು, ಕಿವಿ ಸರಿಯಾಗಿ ಕೇಳದವರು ಇದ್ದರೆ ಅದನ್ನೂ ಆಗಲೇ ತಿಳಿಸಿ. ಮೆಟ್ಟಿಲಿಳಿಸುವ ಕುರ್ಚಿ, ದೀಪ ಮಿನುಗಿಸಿ ಅಥವಾ ಹಾಸಿಗೆ ನಡುಗಿಸಿ ಎಬ್ಬಿಸುವ ಅಲಾರಂ ಸಾಧನ ಎಲ್ಲ ದೊಡ್ಡ ಕಂಪನಿಗಳಲ್ಲೂ ಸಿಗುತ್ತವೆ, ಮೊದಲೇ ಹೇಳಿದವರಿಗೆ. ಹಡಗು ಹತ್ತಿದ ಮೇಲೆ ಕೇಳಿದರೆ ಮುಗಿದುಹೋಗಿರಬಹುದು.

ಎರಡನೆಯದು ಮೆಟ್ಟಿಲು. ದೊಡ್ಡ ಹಡಗಿನಲ್ಲಿ ಪ್ರಯಾಣಿಕರ ಡೆಕ್‌ಗಳೇ ಹತ್ತಕ್ಕಿಂತ ಹೆಚ್ಚು. ಮಸ್ಟರ್ ಸ್ಟೇಷನ್‌ಗಳು ಬಹುತೇಕ ಲೈಫ್‌ಬೋಟ್‌ಗಳ ಮಟ್ಟದಲ್ಲಿ, ಅಂದರೆ ಕೆಳಗಿನ ನಾಲ್ಕೈದು ಡೆಕ್‌ಗಳ ಸುತ್ತಮುತ್ತ ಇರುತ್ತವೆ. ಅಲಾರಂ ಆದಾಗ ಲಿಫ್ಟ್ ಹತ್ತಬಾರದು. ಮಂಡಿನೋವಿರುವ ಅಮ್ಮ ಆರು ಮಹಡಿ ಇಳಿಯಬಲ್ಲರೇ ಎಂದು ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ನೋಡಿ. ಹಿಡಿಕಂಬಿ ಹಿಡಿದು ನಿಧಾನವಾಗಿ ಇಳಿಯಲು ಎಷ್ಟು ನಿಮಿಷ ಬೇಕು, ಎಲ್ಲಿ ಕೂರಬೇಕಾಗುತ್ತದೆ ಎಂಬುದು ಗೊತ್ತಾದರೆ ಸಾಕು. ಆಗದಿದ್ದರೆ ಸ್ಟೇಷನ್‌ಗೆ ಹತ್ತಿರದ ಡೆಕ್‌ನಲ್ಲೇ ಕ್ಯಾಬಿನ್ ಕೇಳುವುದು, ಸಮುದ್ರದ ನೋಟ ಚೆನ್ನಾಗಿದೆ ಎಂದು ಹನ್ನೆರಡನೇ ಡೆಕ್ ಕೇಳುವುದಕ್ಕಿಂತ ಒಳ್ಳೆಯದು.

ಮಕ್ಕಳ ತೂಕ ನೋಡಿಕೊಳ್ಳಿ. ಲೈಫ್ ಜಾಕೆಟ್‌ಗಳ ಅಳತೆ ವಯಸ್ಸಿನ ಮೇಲಲ್ಲ, ತೂಕ ಮತ್ತು ಎತ್ತರದ ಮೇಲೆ: 15 ಕೆ.ಜಿ.ಗಿಂತ ಕಡಿಮೆ, ಒಂದು ಮೀಟರ್‌ಗಿಂತ ಗಿಡ್ಡ ಇದ್ದರೆ ಶಿಶುವಿನ ಜಾಕೆಟ್. 15ರಿಂದ 43 ಕೆ.ಜಿ.ವರೆಗೆ ಮಕ್ಕಳದು, ಅದರ ಮೇಲೆ ದೊಡ್ಡವರದು. ಹಡಗಿನಲ್ಲಿರುವ ಪ್ರಯಾಣಿಕರ ಸಂಖ್ಯೆಯ ಕನಿಷ್ಠ ಶೇ. 10ರಷ್ಟು ಮಕ್ಕಳ ಜಾಕೆಟ್ ಇರಲೇಬೇಕು, ಮಕ್ಕಳು ಹೆಚ್ಚಿದ್ದರೆ ಪ್ರತಿ ಮಗುವಿಗೂ ಒಂದು. 40 ಕೆ.ಜಿ. ಇರುವ ಸಣಕಲು ಅಜ್ಜಿಗೂ ಮಕ್ಕಳ ಜಾಕೆಟ್ಟೇ ಸರಿಹೊಂದಬಹುದು. ನಾಚಿಕೊಳ್ಳದೆ ತೊಟ್ಟು ನೋಡಲಿ.

ಕಂಪನಿಯ ಆಪ್ ಇಲ್ಲೇ ಹಾಕಿಕೊಂಡು ಲಾಗಿನ್ ಆಗಿ. ಸಿಂಗಪುರದಲ್ಲಿ ಇಳಿದ ಮೇಲೆ ಆಪ್ ತೆರೆದರೆ ಒಟಿಪಿ ಬರುವುದು ರೋಮಿಂಗ್ ಹಾಕಿಸದ ಬೆಂಗಳೂರಿನ ಸಿಮ್‌ಗೆ, ಅಂದರೆ ಬರುವುದೇ ಇಲ್ಲ. ತುರ್ತು ಸಂಪರ್ಕಕ್ಕೆ ಕೊಡುವ ನಂಬರ್ ಊರಿನಲ್ಲೇ ಉಳಿಯುವ ಒಬ್ಬರದಾಗಿರಲಿ, +91 ಸೇರಿಸಿ ಬರೆಯಿರಿ. ಜೊತೆಗೇ ಹಡಗು ಹತ್ತುತ್ತಿರುವ ಹೆಂಡತಿಯ ನಂಬರ್ ಕೊಟ್ಟು ಪ್ರಯೋಜನವಿಲ್ಲ.

ಒಂದು ಕೈಚೀಲ ಸಿದ್ಧವಾಗಲಿ. ಅದರಲ್ಲಿ ಎರಡು ದಿನದ ಬಿಪಿ, ಶುಗರ್ ಮಾತ್ರೆ, ಕನ್ನಡಕದ ಇನ್ನೊಂದು ಜೊತೆ, ಶುಗರ್ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಗ್ಲೂಕೋಸ್ ಅಥವಾ ಕಲ್ಲುಸಕ್ಕರೆ, ಒಂದು ಸ್ವೆಟರ್. ರಾತ್ರಿ ಅದು ಮಂಚದ ಪಕ್ಕ, ಚಪ್ಪಲಿಯ ಬದಲು ಕಟ್ಟುವ ಶೂ ಅಥವಾ ಹಿಂಬದಿ ಪಟ್ಟಿಯ ಸ್ಯಾಂಡಲ್ ಜೊತೆ. ಬೆಳಿಗ್ಗೆ ಹೊರಗೆ ಹೋಗುವಾಗ ಒಂದು ಹೊತ್ತಿನ ಮಾತ್ರೆ ಜೇಬಿನಲ್ಲೇ ಇರಲಿ, ಏಕೆಂದರೆ ಅಲಾರಂ ಆದಾಗ ನೀವು ಕ್ಯಾಬಿನ್‌ನಲ್ಲೇ ಇರುತ್ತೀರಿ ಎಂದೇನಿಲ್ಲ.

ಇನ್ನು ಒಯ್ಯಬಾರದವು: ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಪುಟ್ಟ ರೈಸ್ ಕುಕ್ಕರ್, ಎಕ್ಸ್‌ಟೆನ್ಷನ್ ಬೋರ್ಡ್, ಊದುಬತ್ತಿ, ಕರ್ಪೂರ, ಹಣತೆ. ಸ್ಕ್ಯಾನರ್‌ನಲ್ಲಿ ಕಂಡರೆ ತೆಗೆದಿಡುತ್ತಾರೆ. ಇಪ್ಪತ್ತು ದಿನ ಊಟ ಹೊಂದದಿದ್ದರೂ ಪರವಾಗಿಲ್ಲ, ಕ್ಯಾಬಿನ್‌ನಲ್ಲಿ ಒಲೆ ಹಚ್ಚುವ ಆಸೆ ಬೇಡ. ಹಡಗಿನಲ್ಲಿ ನೀರಿಗಿಂತ ಹೆಚ್ಚು ಹೆದರಬೇಕಾದದ್ದು ಬೆಂಕಿಗೆ. 2006ರ ಮಾರ್ಚ್‌ನಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಗಳಲ್ಲಿ ನಸುಕಿನ ಮೂರರ ಸುಮಾರಿಗೆ ಹತ್ತಿದ ಬೆಂಕಿಗೆ, ಯಾರೋ ಎಸೆದ ಸಿಗರೇಟಿನ ತುಂಡೇ ಕಾರಣ ಇರಬೇಕೆಂದು ತನಿಖೆ ಹೇಳಿತು. ಹೊಗೆಗೆ ಒಬ್ಬ ಪ್ರಯಾಣಿಕರು ಸತ್ತರು. ಬಾಲ್ಕನಿಯಲ್ಲಿ ಒದ್ದೆ ಟವೆಲ್ ಒಣಹಾಕಬೇಡಿ ಎಂದು ಹೇಳುವುದರ ಹಿಂದೆಯೂ ಇದೇ ಲೆಕ್ಕವಿದೆ.

ಹಿರಿಯರಿಗೆ ಹೇಳಿಕೊಡುವುದು

ಹಡಗಿನ ಪ್ರಕಟಣೆಗಳು ಇಂಗ್ಲಿಷಿನಲ್ಲಿ, ಹಡಗು ಎಲ್ಲಿಯದೋ ಅಲ್ಲಿನ ಭಾಷೆಗಳಲ್ಲಿ ಬರುತ್ತವೆ. ಕನ್ನಡದಲ್ಲಿ ಬರುತ್ತದೆ ಎಂದು ಕಾಯಬೇಡಿ. ಅಲಾರಂಗೆ ಮಾತ್ರ ಭಾಷೆ ಬೇಕಿಲ್ಲ: ಏಳು ಅಥವಾ ಅದಕ್ಕಿಂತ ಹೆಚ್ಚು ಗಿಡ್ಡ ಸದ್ದು, ಕೊನೆಗೆ ಒಂದು ಉದ್ದ ಸದ್ದು. ಜಗತ್ತಿನ ಯಾವ ಪ್ರಯಾಣಿಕ ಹಡಗಿನಲ್ಲೂ ಇದೇ. ಅಜ್ಜಿ, ಅಜ್ಜನ ಎದುರು ಮೇಜು ಬಡಿದು ತೋರಿಸಿ, ಅವರಿಂದಲೂ ಬಡಿಸಿ. ಒಂದು ಗಟ್ಟಿ ಕಾಗದದ ಮೇಲೆ ಕನ್ನಡದಲ್ಲಿ ಕ್ಯಾಬಿನ್ ನಂಬರ್, ಡೆಕ್, ಸ್ಟೇಷನ್, ಬಾಗಿಲಿನಿಂದ ಹೊರಟರೆ ಎಡಕ್ಕೋ ಬಲಕ್ಕೋ ಎಂದು ಬರೆದು ಕೀ ಕಾರ್ಡಿನ ಹಿಂದೆ ಸಿಕ್ಕಿಸಿ, ಕೊರಳಿಗೆ ಹಾಕುವ ಪಟ್ಟಿಯಲ್ಲಿ. ಅದೇ ಕಾಗದದ ಹಿಂಬದಿಯಲ್ಲಿ ಸಿಬ್ಬಂದಿಗೆ ತೋರಿಸಲು ಇಂಗ್ಲಿಷಿನಲ್ಲೂ ಬರೆದಿಡಿ.

ಇನ್ನೊಂದು ಎಚ್ಚರ. ಸಿಬ್ಬಂದಿ ತಮ್ಮ ಅಭ್ಯಾಸಕ್ಕೆ ವಾರಕ್ಕೊಮ್ಮೆ ಬೆಂಕಿಯ ಡ್ರಿಲ್, ಹಡಗು ಬಿಡುವ ಡ್ರಿಲ್ ಮಾಡಲೇಬೇಕು. ಬಂದರಿನಲ್ಲಿ ಹಡಗು ನಿಂತ ದಿನ ಇದ್ದಕ್ಕಿದ್ದಂತೆ ಅಲಾರಂ ಹೊಡೆಯುತ್ತದೆ, ಕಿತ್ತಳೆ ಜಾಕೆಟ್ ತೊಟ್ಟವರು ಓಡಾಡುತ್ತಾರೆ. ಮೊದಲೇ ಪ್ರಕಟಣೆ ಕೊಟ್ಟಿರುತ್ತಾರೆ, ಆದರೆ ಅದು ಅರ್ಥವಾಗದವರಿಗೆ ಎದೆ ಹೊಡೆದುಕೊಳ್ಳುತ್ತದೆ. ಆ ದಿನ ಪೇಟೆ ಸುತ್ತಲು ಇಳಿಯದೆ ಹಡಗಿನಲ್ಲೇ ಉಳಿಯುವ ಹಿರಿಯರಿಗೆ ಬೆಳಿಗ್ಗೆಯೇ ಹೇಳಿ ಹೋಗಿ.

ಹತ್ತಿದ ದಿನ: ದಾರಿ ನಡೆದು ನೋಡುವುದು

ಮೊದಲೆಲ್ಲ ಎಲ್ಲರನ್ನೂ ಒಂದೇ ಹೊತ್ತಿಗೆ ಸೇರಿಸಿ, ಮುಕ್ಕಾಲು ಗಂಟೆ ಸಾಲಾಗಿ ನಿಲ್ಲಿಸಿ ಡ್ರಿಲ್ ಮಾಡುತ್ತಿದ್ದರು. 2020ರಲ್ಲಿ ರಾಯಲ್ ಕೆರಿಬಿಯನ್ ಕಂಪನಿ ಬೇರೆ ಪದ್ಧತಿ ಪ್ರಕಟಿಸಿತು. ಅದರಲ್ಲಿ ಆಪ್‌ನಲ್ಲೋ ಕ್ಯಾಬಿನ್ ಟಿವಿಯಲ್ಲೋ ವಿಡಿಯೊ ನೋಡಬೇಕು, ಅಲಾರಂ ಸದ್ದು ಕೇಳಬೇಕು, ನಂತರ ಬಿಡುವಾದಾಗ ಸ್ಟೇಷನ್‌ಗೆ ಹೋಗಿ ಕಾರ್ಡ್ ಸ್ಕ್ಯಾನ್ ಮಾಡಿಸಬೇಕು. ಕೋವಿಡ್ ಕಾಲದಲ್ಲಿ ಬೇರೆ ಹಲವು ಕಂಪನಿಗಳೂ ಇದೇ ದಾರಿ ಹಿಡಿದವು. ನೂಕುನುಗ್ಗಲಿಲ್ಲ, ಬಿಸಿಲಿಲ್ಲ, ಐದು ನಿಮಿಷದ ಕೆಲಸ.

ಆದರೆ ಇದರಲ್ಲೊಂದು ತೂತಿದೆ. ಹಡಗು ಹತ್ತುವ ಬಾಗಿಲಿನಿಂದ ನೇರ ಸ್ಟೇಷನ್‌ಗೆ ಹೋಗಿ, ಬೆನ್ನಿಗೆ ಬ್ಯಾಗ್ ಇರುವಂತೆಯೇ ಸ್ಕ್ಯಾನ್ ಮಾಡಿಸಿ, ಅಲ್ಲಿಂದ ಲಿಫ್ಟ್ ಹತ್ತಿ ಬಫೆಗೆ ಹೋದವರು ನಿಯಮದ ಕಣ್ಣಲ್ಲಿ ಡ್ರಿಲ್ ಮುಗಿಸಿದವರೇ. ಕ್ಯಾಬಿನ್‌ನಿಂದ ಸ್ಟೇಷನ್‌ಗೆ ಹೋಗುವ ದಾರಿಯನ್ನು ಅವರು ನೋಡಿಯೇ ಇರುವುದಿಲ್ಲ. ಕಾಟಾಚಾರದ ಹಾಜರಿ ಎಂದರೆ ಇದೇ. ಕ್ಯಾಬಿನ್ ಇನ್ನೂ ಸಿದ್ಧವಾಗಿಲ್ಲ ಎಂದು ಮೊದಲೇ ಸ್ಕ್ಯಾನ್ ಮಾಡಿಸಿದರೂ ತೊಂದರೆಯಿಲ್ಲ, ಸಂಜೆಯೊಳಗೆ ಹೀಗೆ ಮಾಡಿ:

ಕ್ಯಾಬಿನ್ ಒಳಗೆ ನಿಂತು ಬಾಗಿಲು ಮುಚ್ಚಿ. ಬಾಗಿಲಿನ ಹಿಂಬದಿಯಲ್ಲಿ ನಕ್ಷೆ ಅಂಟಿಸಿರುತ್ತಾರೆ. ನಿಮ್ಮ ಕ್ಯಾಬಿನ್, ಹತ್ತಿರದ ಮೆಟ್ಟಿಲು, ಸ್ಟೇಷನ್ ಅದರಲ್ಲಿವೆ. ಕಾರ್ಡಿನ ಮೇಲಿನ ಅಕ್ಷರವೂ ನಕ್ಷೆಯಲ್ಲಿರುವುದೂ ಒಂದೇ ಎಂದು ನೋಡಿ, ಬೇರೆ ಇದ್ದರೆ ರಿಸೆಪ್ಷನ್‌ಗೆ ಫೋನ್ ಮಾಡಿ. ಹೊರಗೆ ಬಂದು ಮೆಟ್ಟಿಲಿನ ಕಡೆ ತಿರುಗಿ, ಗೋಡೆಯ ಹಿಡಿಕಂಬಿಯ ಮೇಲೆ ಒಂದು ಕೈ ಇಟ್ಟು ನಡೆಯುತ್ತ, ಮೆಟ್ಟಿಲು ಸಿಗುವ ತನಕ ಆ ಬದಿಯ ಬಾಗಿಲುಗಳನ್ನು ಎಣಿಸಿ. ಹನ್ನೊಂದು ಬಾಗಿಲು ಎಂದುಕೊಳ್ಳಿ. ಹೊಗೆ ತುಂಬಿ ಏನೂ ಕಾಣದಿದ್ದಾಗ ಕೈಗೆ ಸಿಗುವುದು ಆ ಹಿಡಿಕಂಬಿ, ತಲೆಯಲ್ಲಿ ಉಳಿಯುವುದು ಆ ಹನ್ನೊಂದು. ನೆಲದ ಅಂಚಿನಲ್ಲಿ ಮಂದವಾಗಿ ಹೊಳೆಯುವ ಪಟ್ಟಿ ಅಥವಾ ಪುಟ್ಟ ದೀಪಗಳ ಸಾಲು ಕಾಣುತ್ತದೆ. ಅದು ನೆಲದಿಂದ 30 ಸೆಂ.ಮೀ. ಒಳಗೇ ಇರಬೇಕೆಂಬ ನಿಯಮವಿದೆ, ಹೊಗೆ ಮೇಲಕ್ಕೇರುವುದರಿಂದ ಬಗ್ಗಿ ನಡೆಯುವವರ ಕಣ್ಣಿಗೆ ಬೀಳಲೆಂದು.

ಕಾರಿಡಾರಿನ ನಡುನಡುವೆ ಗೋಡೆಗೆ ಒತ್ತಿಕೊಂಡು ನಿಂತಿರುವ ಭಾರಿ ಬಾಗಿಲುಗಳನ್ನು ಗಮನಿಸಿ. ಅವು ಬೆಂಕಿ ತಡೆಯುವ ಬಾಗಿಲುಗಳು. ಅಯಸ್ಕಾಂತದಿಂದ ತೆರೆದು ನಿಂತಿರುತ್ತವೆ, ಅಪಾಯವಾದಾಗ ಸೇತುವೆಯಿಂದ, ಅಂದರೆ ಹಡಗು ನಡೆಸುವ ಕೋಣೆಯಿಂದ, ಒಂದು ಗುಂಡಿ ಒತ್ತಿದರೆ ಎಲ್ಲ ಮುಚ್ಚಿಕೊಳ್ಳುತ್ತವೆ. ಮಧ್ಯಾಹ್ನ ತೆರೆದಿದ್ದ ಕಾರಿಡಾರ್ ರಾತ್ರಿ ಗೋಡೆಯಾಗಿ ಎದುರಾದಾಗ ದಾರಿ ತಪ್ಪಿತೆಂದು ಜನ ವಾಪಸ್ ಓಡುತ್ತಾರೆ. ಓಡಬೇಡಿ. ಅದು ಬೀಗ ಹಾಕಿದ ಬಾಗಿಲಲ್ಲ, ತಳ್ಳಿದರೆ ಅಥವಾ ಹಿಡಿ ತಿರುಗಿಸಿದರೆ ತೆರೆದುಕೊಂಡು ನಿಮ್ಮ ಹಿಂದೆ ತಾನೇ ಮುಚ್ಚಿಕೊಳ್ಳುತ್ತದೆ. ಏನನ್ನಾದರೂ ಅಡ್ಡಯಿಟ್ಟು ತೆರೆದಿಡಲು ಮಾತ್ರ ಹೋಗಬೇಡಿ.

ಮೆಟ್ಟಿಲಿನಲ್ಲೇ ಇಳಿದು ಸ್ಟೇಷನ್ ಮುಟ್ಟಿ. ಹಸಿರು ಹಿನ್ನೆಲೆಯಲ್ಲಿ ಬಿಳಿ ಮನುಷ್ಯಾಕೃತಿಗಳ ಗುಂಪು, ಅದರತ್ತ ನಾಲ್ಕು ಮೂಲೆಯಿಂದ ಬಾಣ: ಈ ಫಲಕ ಕಂಡರೆ ಸರಿಯಾದ ಜಾಗ. ಹಿಂದಿರುಗುವಾಗ ಬೇರೆ ಮೆಟ್ಟಿಲಿನಿಂದ ಬನ್ನಿ, ಅದು ಎರಡನೇ ದಾರಿ. ರಾತ್ರಿ ಊಟ ಮುಗಿಸಿದ ಮೇಲೆ ಊಟದ ಹಾಲಿನಿಂದ ಸ್ಟೇಷನ್ ಎತ್ತ ಎಂದೂ ಒಮ್ಮೆ ನೋಡಿಬಿಡಿ. ಹಡಗಿನ ಮೂತಿಯತ್ತ ಮುಖ ಮಾಡಿ ನಿಂತಾಗ ಎಡಗಡೆ ಪೋರ್ಟ್, ಬಲಗಡೆ ಸ್ಟಾರ್‌ಬೋರ್ಡ್. ಪ್ರಕಟಣೆಗಳಲ್ಲಿ ಎಡ-ಬಲ ಎನ್ನುವುದಿಲ್ಲ, ಈ ಎರಡನ್ನೇ ಹೇಳುತ್ತಾರೆ.

ಸ್ಕ್ಯಾನ್ ಮಾಡಿಸಲು ಪ್ರತಿಯೊಬ್ಬರೂ ಅವರವರೇ ಹೋಗಬೇಕು, ತೋಳಿನಲ್ಲಿರುವ ಕೂಸೂ ಸೇರಿ. ಐದು ಜನರ ಕಾರ್ಡ್ ಒಬ್ಬರೇ ಹಿಡಿದು ಹೋದರೆ ವಾಪಸ್ ಕಳಿಸುತ್ತಾರೆ. ಮಕ್ಕಳ ಕ್ಲಬ್ಬಿಗೆ ಬಿಡುವ ಮಕ್ಕಳ ಮಣಿಕಟ್ಟಿಗೆ ಸ್ಟೇಷನ್ ಅಕ್ಷರವಿರುವ ಪಟ್ಟಿ ಕಟ್ಟುವ ರೂಢಿ ಹಲವು ಹಡಗುಗಳಲ್ಲಿದೆ. ಅಲ್ಲಿನ ಸಿಬ್ಬಂದಿಯನ್ನು ಒಂದೇ ಪ್ರಶ್ನೆ ಕೇಳಿ: ಅಲಾರಂ ಆದರೆ ನನ್ನ ಮಗುವನ್ನು ಯಾರು, ಎಲ್ಲಿಗೆ ಕರೆತರುತ್ತೀರಿ? ಉತ್ತರ ಹಡಗಿನಿಂದ ಹಡಗಿಗೆ ಬೇರೆ. ಅದು ಗೊತ್ತಿದ್ದರೆ ಅಪ್ಪ ಮೇಲಕ್ಕೆ, ಅಮ್ಮ ಕೆಳಕ್ಕೆ ಓಡಿ, ಮಗು ಮೂರನೇ ಕಡೆ ಇರುವ ಪರಿಸ್ಥಿತಿ ಬರುವುದಿಲ್ಲ.

ಜಾಕೆಟ್

ಕೆರೆಯ ದೋಣಿವಿಹಾರದಲ್ಲಿ ಕೊಡುವ ತೆಳು ಜಾಕೆಟ್‌ಗೂ ಇದಕ್ಕೂ ಹೋಲಿಕೆಯಿಲ್ಲ. ಪ್ರಜ್ಞೆ ತಪ್ಪಿದವರನ್ನೂ ಐದು ಸೆಕೆಂಡಿನ ಆಸುಪಾಸಿನಲ್ಲಿ ಮುಖ ಮೇಲೆ ಮಾಡಿ ತಿರುಗಿಸುವಂತೆ, ಬಾಯಿ ನೀರಿನಿಂದ ಸುಮಾರು 12 ಸೆಂ.ಮೀ. ಮೇಲಿರುವಂತೆ ಇದನ್ನು ಮಾಡಿರುತ್ತಾರೆ. ಈಜು ಬಾರದವರಿಗೂ ಸಾಕು. ಅದಕ್ಕೇ ಇಷ್ಟು ದಪ್ಪ.

ಕೆಲವು ಹಡಗುಗಳಲ್ಲಿ ಕ್ಯಾಬಿನ್ ಬೀರುವಿನಲ್ಲಿ ಇಡುತ್ತಾರೆ, ಹಲವು ಹೊಸ ಹಡಗುಗಳಲ್ಲಿ ಸ್ಟೇಷನ್‌ನಲ್ಲೇ ಪೇರಿಸಿರುತ್ತಾರೆ. ಎರಡನೆಯದು ಮೇಲು. ಜಾಕೆಟ್ ತರಲೆಂದು ಕ್ಯಾಬಿನ್‌ಗೆ ಏರುವವರೂ ಸ್ಟೇಷನ್‌ಗೆ ಇಳಿಯುವವರೂ ಒಂದೇ ಮೆಟ್ಟಿಲಿನಲ್ಲಿ ಎದುರುಬದುರಾದರೆ ಸಂಜೆ ಆರರ ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದ ಗತಿಯೇ. ನಿಮ್ಮದು ಕ್ಯಾಬಿನ್‌ನಲ್ಲಿದ್ದು ನೀವು ಈಜುಕೊಳದ ಬಳಿ ಇದ್ದರೆ, ತರಲು ಹೋಗಬೇಡಿ. ಸ್ಟೇಷನ್‌ನಲ್ಲಿ ಹೆಚ್ಚುವರಿ ಇಟ್ಟಿರುತ್ತಾರೆ.

ಕೈಯಲ್ಲಿ ಹಿಡಿದು ಹೋಗುವಾಗ ಪಟ್ಟಿಗಳನ್ನು ಜಾಕೆಟ್ ಸುತ್ತ ಸುತ್ತಿಕೊಳ್ಳಿ. ಡ್ರಿಲ್‌ಗಳಲ್ಲಿ ಜನ ಬೀಳುವುದು ಹಿಂದಿನವರು ಮುಂದಿನವರ ಜೋತಾಡುವ ಪಟ್ಟಿ ತುಳಿದು. ತೊಡಿ ಎಂದು ಹೇಳುವವರೆಗೆ ಮೆಟ್ಟಿಲಿನಲ್ಲಿ ತೊಡಬೇಡಿ, ಎದೆಯ ಮೇಲಿನ ದಪ್ಪದಿಂದ ಕಾಲ ಕೆಳಗಿನ ಮೆಟ್ಟಿಲು ಕಾಣುವುದಿಲ್ಲ.

ತೊಡುವ ಕ್ರಮ ಸುಲಭ. ದುಪಟ್ಟಾ ತೆಗೆದುಬಿಡಿ, ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಪಂಚೆಯವರು ಎತ್ತಿ ಕಟ್ಟಿಕೊಳ್ಳಲಿ. ಸ್ವೆಟರ್ ಇದ್ದರೆ ಅದರ ಮೇಲೆಯೇ ಜಾಕೆಟ್. ಕನ್ನಡಕ ತೆಗೆದು, ತುರುಬು ಕಟ್ಟಿದ್ದರೆ ಬಿಚ್ಚಿ, ತೂತಿನೊಳಗೆ ತಲೆ ತೂರಿಸಿ. ಬಿಳಿ ಹೊಳೆಯುವ ಪಟ್ಟಿಗಳು, ಸೀಟಿ, ದೀಪ ಹೊರಗೆ ಕಾಣಬೇಕು, ಕಾಣದಿದ್ದರೆ ತಿರುಗುಮುರುಗಾಗಿದೆ. ಸೊಂಟದ ಪಟ್ಟಿಯನ್ನು ಬೆನ್ನ ಹಿಂದಿನಿಂದ ತಂದು ಮುಂದೆ ಕ್ಲಿಪ್ ಹಾಕಿ, ಟಕ್ ಎಂದು ಕೇಳಬೇಕು. ಆಮೇಲೆ ತುದಿ ಎಳೆದು ಬಿಗಿ ಮಾಡಿ. ಕ್ಲಿಪ್ ಹಾಕಿ ಎಳೆಯುವುದನ್ನು ಮರೆಯುವವರೇ ಹೆಚ್ಚು. ಸರಿಯಾಗಿದೆಯೇ ಎಂದು ನೋಡಲು ಜೊತೆಯವರು ನಿಮ್ಮ ಜಾಕೆಟ್‌ನ ಹೆಗಲ ಭಾಗ ಹಿಡಿದು ಮೇಲೆತ್ತಲಿ. ಕಿವಿಯ ತನಕ ಬಂದರೆ ಸಡಿಲ, ನೀರಿಗೆ ಬಿದ್ದಾಗ ಅದು ಮೇಲಕ್ಕೆ ಜಾರುತ್ತದೆ. ತೀರ ದಪ್ಪ ಮೈಯವರಿಗೆ ಪಟ್ಟಿ ಸಾಲದಿದ್ದರೆ ಹೆಚ್ಚುವರಿ ಪಟ್ಟಿ ಇರುತ್ತದೆ, ಕೇಳಿ ತೆಗೆದುಕೊಳ್ಳಿ.

ದೀಪ ಹೆಚ್ಚಾಗಿ ನೀರು ತಾಗಿದಾಗ ತಾನೇ ಹೊತ್ತಿಕೊಳ್ಳುವಂಥದ್ದು, ಕನಿಷ್ಠ 8 ಗಂಟೆ ಉರಿಯಬೇಕು. ಮಕ್ಕಳು ಬಾತ್‌ರೂಮಿನಲ್ಲಿ ಪರೀಕ್ಷೆ ಮಾಡಲು ಹೋದರೆ ಬ್ಯಾಟರಿ ಅಲ್ಲೇ ಮುಗಿಯಿತು. ಸೀಟಿಯನ್ನೂ ಡ್ರಿಲ್‌ನಲ್ಲಿ ಊದಬೇಡಿ; ನೂರಾರು ಜನ ಈಗಾಗಲೇ ಊದಿರುತ್ತಾರೆ.

ನಿಜವಾಗಿ ಅಲಾರಂ ಆದರೆ

ಏಳು ಗಿಡ್ಡ, ಒಂದು ಉದ್ದ ಎಂದರೆ ಹಡಗು ಬಿಡಿ ಎಂದಲ್ಲ, ಬಂದು ಸೇರಿ ಎಂದಷ್ಟೇ. ಹಡಗು ಬಿಡುವ ಆದೇಶ ಕ್ಯಾಪ್ಟನ್ ಕೊಟ್ಟ ಮೇಲೆಯೇ. ನೇರ ಬೋಟ್ ಹತ್ತಲು ನುಗ್ಗಬೇಡಿ.

ಕ್ಯಾಬಿನ್‌ನಲ್ಲಿದ್ದರೆ ಬಾಗಿಲನ್ನು ಮೊದಲು ಹಿಂಗೈಯಿಂದ ಮುಟ್ಟಿ ನೋಡಿ. ಬಿಸಿಯಿಲ್ಲದಿದ್ದರೆ ಶೂ, ಕೈಚೀಲ, ಕಾರ್ಡ್, ಜಾಕೆಟ್ ಇದ್ದರೆ ಜಾಕೆಟ್ ಹಿಡಿದು ಹೊರಡಿ, ಬಾಗಿಲು ಎಳೆದುಕೊಂಡು. ಬಿಸಿಯಿದ್ದರೆ ತೆರೆಯಬೇಡಿ. ಒದ್ದೆ ಟವೆಲ್‌ಗಳನ್ನು ಬಾಗಿಲಡಿ ತುರುಕಿ, ಫೋನ್ ಮೇಲೆ ಬರೆದಿರುವ ತುರ್ತು ನಂಬರ್‌ಗೆ ಕರೆಮಾಡಿ ಕ್ಯಾಬಿನ್ ನಂಬರ್ ಹೇಳಿ. ಸೂಟ್‌ಕೇಸ್ ಮುಟ್ಟಲೇಬೇಡಿ. ಹೊರಗಿದ್ದರೆ ಕ್ಯಾಬಿನ್‌ಗೆ ಹೋಗದೆ ಸೀದಾ ಸ್ಟೇಷನ್‌ಗೆ.

ದಾರಿಯಲ್ಲಿ ಹೊಗೆ ಅಡ್ಡ ಬಂದರೆ ಎರಡನೇ ದಾರಿ ಹಿಡಿಯಿರಿ, ಅದೂ ಆಗದಿದ್ದರೆ ಸಿಗುವ ಮೊದಲ ಸ್ಟೇಷನ್‌ಗೆ ಹೋಗಿ ಅಲ್ಲಿನ ಸಿಬ್ಬಂದಿಗೆ ನಿಮ್ಮ ಕ್ಯಾಬಿನ್ ನಂಬರ್ ತಿಳಿಸಿ. ಇದನ್ನು ತಿಳಿಸುವುದು ಬಹಳ ಮುಖ್ಯ. ಪ್ರತಿ ಸ್ಟೇಷನ್‌ನಲ್ಲೂ ಪಟ್ಟಿ ಹಿಡಿದು ತಲೆ ಎಣಿಸುತ್ತಾರೆ, ಬಾರದವರ ಹೆಸರು ಸೇತುವೆಗೆ ಹೋಗುತ್ತದೆ, ಅಲ್ಲಿಂದ ಹುಡುಕುವ ತಂಡ ಆ ಕ್ಯಾಬಿನ್‌ಗೆ ಹೊರಡುತ್ತದೆ. ನೀವು ಅಕ್ಕನ ಮನೆಯವರ ಜೊತೆ ಇರೋಣವೆಂದು ಅವರ ಸ್ಟೇಷನ್‌ನಲ್ಲಿ ಸುಮ್ಮನೆ ಕೂತರೆ, ಉಸಿರಾಟದ ಸಿಲಿಂಡರ್ ಹೊತ್ತ ಇಬ್ಬರು ನಿಮ್ಮ ಖಾಲಿ ಕ್ಯಾಬಿನ್ ಹುಡುಕಿಕೊಂಡು ಹೊಗೆಯೊಳಗೆ ಹೋಗುತ್ತಾರೆ. ನಿಮ್ಮವರನ್ನು ಹುಡುಕುವ ಕೆಲಸವನ್ನೂ ಅವರಿಗೇ ಬಿಡಿ.

ಸ್ಟೇಷನ್ ತಲುಪಿದ ಮೇಲೆ ಕೂತುಕೊಳ್ಳಿ, ಸಾಧ್ಯವಾದರೆ ನೆಲದ ಮೇಲೆ, ಭಾರದ ಪೀಠೋಪಕರಣಗಳಿಂದ ದೂರ. ಕಾಯುವುದು ಬಹಳ ಹೊತ್ತಾಗಬಹುದು. 2019ರ ಮಾರ್ಚ್ 23ರಂದು ನಾರ್ವೆಯ ಕರಾವಳಿಯಲ್ಲಿ ವೈಕಿಂಗ್ ಸ್ಕೈ ಹಡಗಿನ ಎಂಜಿನ್‌ಗಳು ಬಿರುಗಾಳಿಯ ನಡುವೆ ನಿಂತುಹೋದಾಗ, ಸುಮಾರು 1,370 ಮಂದಿಯಲ್ಲಿ 450ಕ್ಕೂ ಹೆಚ್ಚು ಜನರನ್ನು ಹೆಲಿಕಾಪ್ಟರ್‌ಗಳು ಒಬ್ಬೊಬ್ಬರನ್ನಾಗಿ ಎತ್ತಿದವು. ಉಳಿದವರು ಜಾಕೆಟ್ ತೊಟ್ಟು ಗಂಟೆಗಟ್ಟಲೆ ಕಾದರು. ಪೀಠೋಪಕರಣಗಳು ಕೋಣೆಯ ಈ ತುದಿಯಿಂದ ಆ ತುದಿಗೆ ಜಾರುತ್ತಿದ್ದವು. ಯಾರೂ ಸಾಯಲಿಲ್ಲ, ಹಡಗು ಮರುದಿನ ಬಂದರು ಸೇರಿತು. ಸ್ವೆಟರ್, ಮಾತ್ರೆ ಎಂದು ಮೇಲೆ ಹೇಳಿದ್ದು ಇಂಥ ಕಾಯುವಿಕೆಗೆ. ಶೌಚಕ್ಕೆ ಎದ್ದರೂ ಸಿಬ್ಬಂದಿಗೆ ಹೇಳಿ ಹೋಗಿ, ಎಣಿಕೆ ತಪ್ಪದಿರಲಿ.

ಬೋಟ್ ಹತ್ತುವುದು

ಡ್ರಿಲ್‌ನಲ್ಲಿ ಪ್ರಯಾಣಿಕರನ್ನು ಬೋಟ್ ಒಳಗೆ ಕೂರಿಸುವುದಿಲ್ಲ, ಹೊರಗಿನಿಂದ ತೋರಿಸುತ್ತಾರೆ. ಆದ್ದರಿಂದ ಒಳಗಿನ ಇಕ್ಕಟ್ಟು ಯಾರಿಗೂ ಗೊತ್ತಿರುವುದಿಲ್ಲ. ಒಬ್ಬರಿಗೆ ಲೆಕ್ಕ ಹಾಕಿರುವ ಜಾಗದ ಅಗಲ 43 ಸೆಂ.ಮೀ., ತೂಕ 75 ಕೆ.ಜಿ.; ಜಾಕೆಟ್ ತೊಟ್ಟ ಮೇಲೆ ಭುಜಕ್ಕೆ ಭುಜ ಅಂಟುತ್ತದೆ. ಸಾಮಾನ್ಯ ಬೋಟ್‌ಗೆ ಗರಿಷ್ಠ 150 ಜನ. ಓಯಸಿಸ್ ಸರಣಿಯ ದೈತ್ಯ ಹಡಗುಗಳಿಗೆ ವಿಶೇಷ ಒಪ್ಪಿಗೆಯಿಂದ 370 ಜನ ಹಿಡಿಸುವ ಬೋಟ್‌ಗಳಿವೆ. ಬೋಟ್‌ಗಳು ಸಾಲದೆಂಬ ಟೈಟಾನಿಕ್ ಕಾಲದ ಭಯ ಬೇಡ: ಬೋಟ್, ಗಾಳಿ ತುಂಬುವ ತೆಪ್ಪ ಎರಡೂ ಸೇರಿ ಹಡಗಿನಲ್ಲಿರುವ ಒಟ್ಟು ಜನರಿಗಿಂತ ಶೇ. 25ರಷ್ಟು ಹೆಚ್ಚು ಜಾಗ ಇರಬೇಕೆಂಬುದು ದೂರಯಾನದ ಹಡಗುಗಳ ನಿಯಮ. ಎಲ್ಲರೂ ಜಾಕೆಟ್ ತೊಟ್ಟು ಸೇರಿದ ಮೇಲೆ, ಹಡಗು ಬಿಡುವ ಆದೇಶದಿಂದ 30 ನಿಮಿಷದಲ್ಲಿ ಎಲ್ಲ ಬೋಟ್‌ಗಳೂ ಜನ ತುಂಬಿಕೊಂಡು ಇಳಿಯಬಲ್ಲಂತಿರಬೇಕು. ಆ 30 ನಿಮಿಷ ಶುರುವಾಗುವುದೇ ಎಲ್ಲರೂ ಸೇರಿದ ಮೇಲೆ, ಅಂದರೆ ಒಬ್ಬರ ತಡ ಎಲ್ಲರ ತಡ.

ಹತ್ತುವಾಗ ಜಿಗಿಯಬೇಡಿ, ಹೆಜ್ಜೆಯಿಟ್ಟು ಒಳಗೆ ಹೋಗಿ. ಹೀಲ್ಸ್ ಇದ್ದರೆ ಬಿಚ್ಚಿ ಹೊರಗೇ ಬಿಡಿ. ಬಾಗಿಲ ಬಳಿ ಕೂರದೆ ಒಳತುದಿಯವರೆಗೆ ಸರಿಯಿರಿ, ಬೆಲ್ಟ್ ಹಾಕಿಕೊಳ್ಳಿ, ಕೈ ಹೊರಗೆ ಚಾಚಬೇಡಿ. ಇಳಿಯುವಾಗ ಬೋಟ್ ಹಡಗಿನ ಗೋಡೆಗೆ ತಾಗಿ ಅಲುಗಾಡುತ್ತದೆ. ನೀರು ಮುಟ್ಟಿದ ಐದು ನಿಮಿಷಕ್ಕೇ ಹೊಟ್ಟೆ ತೊಳಸುತ್ತದೆ, ಅದಕ್ಕೇ ಒಳಗೆ ವಾಂತಿ ತಡೆಯುವ ಮಾತ್ರೆ, ತಲೆಗೊಂದು ಚೀಲ ಇರುತ್ತವೆ. ಕೊಟ್ಟ ತಕ್ಷಣ ನುಂಗಿ, ವಾಂತಿಯಾದ ಮೇಲೆ ನುಂಗಿದರೆ ಉಳಿಯುವುದಿಲ್ಲ. ಎಂಜಿನ್‌ಗೆ 24 ಗಂಟೆಯ ಇಂಧನ, ತಲೆಗೆ 3 ಲೀಟರ್ ನೀರು, ಬಿಸ್ಕತ್ತಿನಂಥ ಒಣ ಆಹಾರ ಇರುವುದು ನಿಯಮ.

ಬೋಟ್ ಹತ್ತಲಾಗದೆ ನೀರಿಗೇ ಇಳಿಯಬೇಕಾದ ಪರಿಸ್ಥಿತಿ ಅಪರೂಪ. ಬಂದರೆ ಆದಷ್ಟು ತಗ್ಗಿನಿಂದ, ನಿಂತ ಭಂಗಿಯಲ್ಲಿ, ಒಂದು ಕೈಯಲ್ಲಿ ಮೂಗು-ಬಾಯಿ ಮುಚ್ಚಿ, ಇನ್ನೊಂದು ಕೈಯಲ್ಲಿ ಜಾಕೆಟ್ ಕೆಳಕ್ಕೆ ಒತ್ತಿ ಹಿಡಿದು ಹೆಜ್ಜೆಯಿಡಿ. ಜಾಕೆಟ್ ಹಿಡಿದುಕೊಂಡರೆ 4.5 ಮೀಟರ್ ಎತ್ತರದಿಂದಲೂ, ಕೈ ಮೇಲೆತ್ತಿದ್ದರೆ ಒಂದು ಮೀಟರ್‌ನಿಂದಷ್ಟೇ ಎಂದು ಅದನ್ನು ಪರೀಕ್ಷಿಸಿರುತ್ತಾರೆ. ಕೈ ಬಿಟ್ಟರೆ ಜಾಕೆಟ್ ಗದ್ದಕ್ಕೆ ಬಂದು ಹೊಡೆಯುತ್ತದೆ.

ಇನ್ನು ಒಂದು ಪಯಣ ಮುಗಿಸಿ ಅದೇ ಹಡಗಿನಲ್ಲಿ ಮುಂದಿನ ಪಯಣಕ್ಕೂ ಟಿಕೆಟ್ ತೆಗೆದುಕೊಂಡವರು, ಸಾಮಾನ್ಯವಾಗಿ ಮತ್ತೆ ಹಾಜರಿ ಕೊಡಬೇಕಾಗುತ್ತದೆ. ಕ್ಯಾಬಿನ್ ಬದಲಾಗಿದ್ದರೆ ಕಾರ್ಡಿನ ಮೇಲಿನ ಅಕ್ಷರವೂ ಬದಲಾಗಿರಬಹುದು. ಅಜ್ಜಿಯ ಕೊರಳಿನ ಕಾಗದವನ್ನೂ ತಿದ್ದಿ ಬರೆಯಿರಿ, ಬಾಗಿಲುಗಳನ್ನು ಹೊಸದಾಗಿ ಎಣಿಸಿ.